ಸಿಡುಬು ಬಂದ ಕೋಳಿಗೆ ಮೊದಲು ಬೇಕಾಗೋದು ಕೈತುತ್ತು

ನಾಟಿ ಕೋಳಿಗೆ ಸಿಡುಬು ಬಂದಾಗ ಬಹಳ ಸಲ ಅದರ ಜೀವ ಹೋಗೋದು ಹಸಿವಿನಿಂದ, ಬಾಯಾರಿಕೆಯಿಂದ. ಗುಳ್ಳೆಗಳು ಜುಟ್ಟಿನ ಮೇಲೆ ಎದ್ದು, ಆಮೇಲೆ ರೆಪ್ಪೆ ಸುತ್ತ ಕೂತು, ಕಣ್ಣು ಊದಿ, ಕೀವು ಒಣಗಿ ರೆಪ್ಪೆ ಅಂಟಿಕೊಂಡುಬಿಡುತ್ತೆ. ಕೋಳಿ ಕಾಳು ಹುಡುಕೋದೇ ಕಣ್ಣಿಂದ. ಮೂಸಿ ತಿನ್ನೋ ಪ್ರಾಣಿ ಅಲ್ಲ ಅದು. ಎದುರಿಗೆ ಅಕ್ಕಿ ಸುರಿದಿದ್ದರೂ ಅದಕ್ಕೆ ಗೊತ್ತಾಗಲ್ಲ. ಸುಮ್ನೆ ಮೂಲೆ ಹಿಡಿದು ರೆಕ್ಕೆ ಇಳಿಬಿಟ್ಟು ಕೂತಿರುತ್ತೆ, ನೋಡಿದವರು "ಇದು ಉಳಿಯಲ್ಲ, ಇವತ್ತೇ ಕುಯ್ದುಬಿಡಿ" ಅಂತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಅಲ್ಲಿರೋದು ಕಣ್ಣು ಕಾಣದ, ಹೊಟ್ಟೆ ಹಸಿದ ಒಂದು ಜೀವ ಅಷ್ಟೇ.

ನಮ್ಮ ಮನೆ ತುಮಕೂರು ಕಡೆ, ಹಿತ್ತಿಲಲ್ಲಿ ಬೇವಿನ ಮರ, ಅದರ ಕೆಳಗೆ ಕೋಳಿ ಗೂಡು. ಕೆಂಪಿ ಅನ್ನೋ ಹೇಂಟೆಗೆ ಸಿಡುಬು ಬಂದಿದ್ದು ಮಳೆ ಬಿಟ್ಟು ಸೊಳ್ಳೆ ಜಾಸ್ತಿಯಾದ ಹೊತ್ತಿನಲ್ಲಿ. ಈ ರೋಗ ಹರಡೋದರಲ್ಲಿ ಸೊಳ್ಳೆಯ ಪಾಲು ದೊಡ್ಡದು. ರೋಗ ಇರೋ ಕೋಳಿಯನ್ನ ಕಚ್ಚಿದ ಸೊಳ್ಳೆ ಇನ್ನೊಂದನ್ನ ಕಚ್ಚಿದರೆ ಸಾಕು. ಮೊದಲಿಗೆ ಜುಟ್ಟಿನ ಮೇಲೆ ಬೂದಿ ಬಣ್ಣದ ಸಣ್ಣ ಚುಕ್ಕೆ, ಹುಂಜ ಕುಕ್ಕಿದ ಗಾಯ ಅನ್ನೋ ಹಾಗೇ ಕಾಣುತ್ತೆ. ಕುಕ್ಕಿದ ಗಾಯ ಒಂದೇ ಜಾಗದಲ್ಲಿದ್ದು ಬೇಗ ಒಣಗುತ್ತೆ. ಸಿಡುಬಿನ ಗುಳ್ಳೆ ಪುಕ್ಕ ಇಲ್ಲದ ಕಡೆಯೆಲ್ಲ, ಅಂದ್ರೆ ಜುಟ್ಟು, ರೆಪ್ಪೆ, ಕೊಕ್ಕಿನ ಅಂಚು, ಗಲ್ಲದ ಕೆಳಗಿನ ಜೋಲು, ಹೀಗೆ ಒಂದೊಂದಾಗಿ ಎದ್ದು ದಪ್ಪ ಕಂದು ಹಕ್ಕಳೆ ಕಟ್ಟುತ್ತೆ.

ಪಕ್ಕದ ಮನೆ ಅಜ್ಜಿ ಬೇಲಿ ಆಚೆಯಿಂದಲೇ ನೋಡಿ, "ಅಮ್ಮ ಬಂದೈತೆ ಕಣವ್ವ, ಬೇವಿನಸೊಪ್ಪು ಹಾಸಿಬಿಡು, ಔಷಧಿ ಗಿವ್ಷದಿ ಏನೂ ಮುಟ್ಟಿಸ್ಬೇಡ" ಅಂದರು. "ಸೊಪ್ಪು ಹಾಸ್ತೀನಜ್ಜಿ, ಆದ್ರೆ ತಿನ್ನಿಸೋದನ್ನಂತೂ ಬಿಡಲ್ಲ" ಅಂದೆ. ಅಜ್ಜಿಯ ನಂಬಿಕೆಗೆ ನಾನು ಎದುರಾಡಲ್ಲ. ಆದರೆ ಮಕ್ಕಳಿರೋ ಮನೆಯವರು ಹೆದರ್ತಾರೆ, ಅದಕ್ಕೆ ಹೇಳ್ತಿದೀನಿ: ಮನುಷ್ಯರಿಗೆ ಬರೋ ಸೀತಾಳೆ ಸಿಡುಬಿನ ವೈರಸ್ಸೇ ಬೇರೆ, ಕೋಳಿ ಸಿಡುಬಿನದೇ ಬೇರೆ. ಕೋಳಿಯದು ನಮಗೆ ಅಂಟಲ್ಲ. ಬೇರೆ ಕೋಳಿಗಳಿಗೆ ಮಾತ್ರ ಅಂಟುತ್ತೆ, ಹಾಗಾಗಿ ಕಾಯಿಲೆ ಕೋಳಿಯನ್ನ ತಕ್ಷಣ ಬೇರೆ ಇಡಬೇಕು. ಮಂಕರಿ ಕವುಚಿ ಅಂಗಳದಲ್ಲೇ ಬಿಡೋದು ಸಾಲದು, ಸೊಳ್ಳೆ ಬರದ, ಗಾಳಿ ಹೊಡೆಯದ ಮೂಲೆ ಬೇಕು. ನಾನು ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಮೇಲೆ ಹಳೇ ಸೊಳ್ಳೆ ಪರದೆ ಹೊದಿಸಿ ಒಳಮನೆಯಲ್ಲಿ ಇಟ್ಟೆ. ಸೊಳ್ಳೆಗೆ ಅಂತ ಗೂಡಿನೊಳಗೆ ಹೊಗೆ ಹಾಕಬೇಡಿ, ಕೋಳಿಯ ಉಸಿರಾಟ ಬಹಳ ಸೂಕ್ಷ್ಮ. ಇನ್ನೊಂದು ಮಾತು, ಎತ್ತಿಕೊಂಡಾಗ ಮೈ ಬಿಸಿ ಅನ್ನಿಸಿದರೆ ಜ್ವರ ಅಂದ್ಕೋಬೇಡಿ. ಆರೋಗ್ಯವಾಗಿರೋ ಕೋಳಿಯ ಮೈಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್.

ಮೊದಲ ಕೆಲಸ ಕಣ್ಣು ಬಿಡಿಸೋದು. ಕಾಯಿಸಿ ಆರಿಸಿದ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು. ಹಳೇ ಪಂಚೆಯ ತುಂಡನ್ನ ಅದರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ ಹಾಗೇ ಒತ್ತಿ ಇಟ್ಟುಕೊಳ್ಳಬೇಕು. ಉಜ್ಜಬಾರದು, ಹಕ್ಕಳೆ ಕೀಳಲೇಬಾರದು. ಕಿತ್ತರೆ ರಕ್ತ ಬರುತ್ತೆ, ಆ ಗಾಯಕ್ಕೆ ಬೇರೆ ಸೋಂಕು ಸೇರುತ್ತೆ. ನೆನೆದು ಮೆತ್ತಗಾದ ಮೇಲೆ ರೆಪ್ಪೆಯ ಅಂಚಿನಿಂದ ಹಳದಿ ಕೀವು ಎಳೆಯಾಗಿ ಬಟ್ಟೆಗೆ ಬರುತ್ತೆ, ಆಮೇಲೆ ಒಂದು ಸೀಳಿನಷ್ಟು ಕಣ್ಣು ತೆರೆಯುತ್ತೆ. ಕೆಂಪಿ ಆ ಸೀಳಿನಿಂದ ನನ್ನ ಬಳೆ ನೋಡಿ ಕುಕ್ಕಿದಾಗ ಆದ ಖುಷಿ ಎಷ್ಟು ಅಂತ ಹೇಳಲಾರೆ. ಸಂಜೆಗೆ ಮತ್ತೆ ಅಂಟಿಕೊಳ್ಳುತ್ತೆ, ಮತ್ತೆ ತೊಳೀಬೇಕು.

ಇನ್ನು ತಿನ್ನಿಸೋದು. ಬೇಯಿಸಿದ ಮೊಟ್ಟೆಯ ಹಳದಿ ಹಿಸುಕಿ, ಹುರಿದ ರಾಗಿ ಹಿಟ್ಟು, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಸೇರಿಸಿ, ನೀರು ಚಿಮುಕಿಸಿ ಕಡಲೆಕಾಳಿನಷ್ಟು ಉಂಡೆ ಮಾಡ್ತೀನಿ. ನುಗ್ಗೆಸೊಪ್ಪು ಹಾಕೋದು ಎ ಜೀವಸತ್ವಕ್ಕೆ, ಕಣ್ಣಿಗೂ ಚರ್ಮಕ್ಕೂ ಅದು ಬೇಕು. ಕೋಳಿಯನ್ನ ಟವಲ್ಲಿನಲ್ಲಿ ಸುತ್ತಿ ತೊಡೆ ಮೇಲೆ ಕೂರಿಸಿಕೊಂಡು, ಕೊಕ್ಕಿನ ಪಕ್ಕದಲ್ಲಿ ಉಗುರು ಆಡಿಸಿದರೆ ಬಾಯಿ ತೆರೆಯುತ್ತೆ. ಒಂದು ಉಂಡೆ ಒಳಗಿಟ್ಟು, ಅದು ತಾನೇ ನುಂಗೋವರೆಗೂ ಕಾಯಬೇಕು. ಅವಸರ ಮಾಡಿದರೆ ಕೆಟ್ಟಿತು. ಕುತ್ತಿಗೆಯ ಬುಡದಲ್ಲಿ ಕಾಳಿನ ಚೀಲ ಇರುತ್ತಲ್ವಾ, ಅದನ್ನ ಬೆರಳಿಂದ ಮುಟ್ಟಿ ನೋಡ್ತಿರಬೇಕು. ರಾತ್ರಿ ನಿಂಬೆಹಣ್ಣಿನಷ್ಟು ತುಂಬಿರಬೇಕು, ಬೆಳಿಗ್ಗೆ ಹೊತ್ತಿಗೆ ಖಾಲಿ ಆಗಿರಬೇಕು. ಬೆಳಿಗ್ಗೆಯೂ ಹಾಗೇ ಗಟ್ಟಿಯಾಗಿದ್ದರೆ ಅರಗಿಲ್ಲ ಅಂತ ಅರ್ಥ. ಆಗ ಮತ್ತೆ ತುರುಕಬಾರದು, ನೀರು ಮಾತ್ರ ಕೊಟ್ಟು ಡಾಕ್ಟರಿಗೆ ತೋರಿಸಬೇಕು.

ನೀರು ಕುಡಿಸೋದರಲ್ಲಿ ಇನ್ನೂ ಹುಷಾರಾಗಿರಬೇಕು. ಕೋಳಿಯ ಬಾಯಲ್ಲಿ ನಾಲಿಗೆಯ ಹಿಂದೆಯೇ ಉಸಿರಿನ ಕೊಳವೆಯ ಬಾಯಿದೆ. ತಲೆ ಹಿಂದಕ್ಕೆ ಬಗ್ಗಿಸಿ ಸಿರಿಂಜಿನಲ್ಲಿ ಜೋರಾಗಿ ಬಿಟ್ಟರೆ ನೀರು ನೇರ ಶ್ವಾಸಕೋಶಕ್ಕೆ ಹೋಗಬಹುದು. ಕೊಕ್ಕಿನ ತುದಿ ಪಕ್ಕ ಒಂದು ಹನಿ ಇಟ್ಟರೆ ಅದೇ ಎಳೆದುಕೊಂಡು ಕತ್ತೆತ್ತಿ ನುಂಗುತ್ತೆ. ನುಂಗಿದ ಮೇಲೆ ಇನ್ನೊಂದು ಹನಿ. ಚೂರು ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿದ ನೀರಾದರೆ ಒಳ್ಳೇದು.

ಸಿಡುಬಿನ ವೈರಸ್ಸಿಗೆ ಅಂತ ಔಷಧಿ ಇಲ್ಲ. ಹಕ್ಕಳೆ ತಾನಾಗೇ ಒಣಗಿ ಉದುರೋಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತೆ, ಅಲ್ಲೀವರೆಗೂ ನಾವು ಅದನ್ನ ಉಳಿಸಿಕೊಳ್ಳಬೇಕು, ಅಷ್ಟೇ ಕೆಲಸ. ಕಣ್ಣಿಗೆ ತಾಗದ ಹಾಗೆ ಜುಟ್ಟಿನ ಗುಳ್ಳೆಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಬಹುದು. ಮನೆಯಲ್ಲಿ ಉಳಿದಿರೋ ನಮ್ಮ ಮಾತ್ರೆಗಳನ್ನ ಪುಡಿ ಮಾಡಿ ಕೊಡೋದನ್ನ ಮಾತ್ರ ದಯವಿಟ್ಟು ಮಾಡಬೇಡಿ. ಗಾಯದಲ್ಲಿ ಸೋಂಕು ಹೆಚ್ಚಿದರೆ ಪಶುವೈದ್ಯರು ತೂಕ ನೋಡಿ ಆಂಟಿಬಯಾಟಿಕ್ ಬರೆದುಕೊಡ್ತಾರೆ. ಅದನ್ನ ಕೊಡ್ತಿರುವಾಗ ಮತ್ತು ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನಬಾರದು. ಉದುರಿದ ಹಕ್ಕಳೆಯಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತೆ, ಗುಡಿಸಿ ಸುಟ್ಟುಬಿಡಿ.

ಕೆಲವು ಲಕ್ಷಣ ಕಂಡರೆ ಮನೆಯ ಆರೈಕೆ ಸಾಲದು. ಬಾಯೊಳಗೆ ಹಳದಿ ಪೊರೆ ಕಟ್ಟಿ ಕೊಕ್ಕು ತೆರೆದು ಉಸಿರೆಳೀತಿದ್ದರೆ ಅದು ಸಿಡುಬಿನದೇ ಇನ್ನೊಂದು ರೂಪ, ಜೀವಕ್ಕೆ ಅಪಾಯ. ಕತ್ತು ತಿರುಚಿಕೊಂಡು ಹಸಿರು ಭೇದಿ ಆಗ್ತಿದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಒಟ್ಟೊಟ್ಟಿಗೆ ಹಲವು ಕೋಳಿ ಸತ್ತರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿದರೂ ಆಗುತ್ತೆ.

ಕೆಂಪಿ ಉಳಿದಳು. ಒಂದು ರೆಪ್ಪೆಯ ಮೇಲೆ ಕಲೆ ಇದೆ, ಕಣ್ಣು ಚೆನ್ನಾಗಿ ಕಾಣುತ್ತೆ, ಮತ್ತೆ ಮೊಟ್ಟೆ ಇಡ್ತಿದ್ದಾಳೆ. ಒಮ್ಮೆ ಬಂದು ವಾಸಿಯಾದ ಕೋಳಿಗೆ ಸಾಮಾನ್ಯವಾಗಿ ಇದು ಮತ್ತೆ ಬರಲ್ಲ. ಉಳಿದವುಗಳಿಗೆ ಲಸಿಕೆ ಇದೆ. ಆರರಿಂದ ಎಂಟು ವಾರದ ಮರಿಗಳಿಗೆ ರೆಕ್ಕೆಯ ತೆಳು ಚರ್ಮದಲ್ಲಿ ಸೂಜಿ ಚುಚ್ಚಿ ಹಾಕ್ತಾರೆ. ವಾರ ಹತ್ತು ದಿನದಲ್ಲಿ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಎದ್ದರೆ ಲಸಿಕೆ ಹಿಡಿದಿದೆ ಅಂತ ಲೆಕ್ಕ. ತೊಂದರೆ ಏನಪ್ಪಾ ಅಂದ್ರೆ, ಬಾಟಲು ಬರೋದೇ ನೂರಾರು ಕೋಳಿಗೆ ಆಗೋ ಅಷ್ಟು, ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಏಳೆಂಟು ಕೋಳಿ ಸಾಕುವ ಒಂದು ಮನೆಗೋಸ್ಕರ ಅದನ್ನ ಒಡೆಯೋಕೆ ಯಾರಿಗೂ ಮನಸ್ಸು ಬರಲ್ಲ. ಅದಕ್ಕೇ ನಮ್ಮ ಬೀದಿಯವರೆಲ್ಲ ಕೋಳಿಗಳ ಪಟ್ಟಿ ಮಾಡಿ ಪಶು ಆಸ್ಪತ್ರೆಗೆ ಕೊಟ್ಟಿದ್ದೀವಿ. ಒಂದು ಸಂಜೆ, ಎಲ್ಲವೂ ಗೂಡು ಸೇರಿದ ಮೇಲೆ, ಮನೆ ಮನೆಗೆ ಬಂದು ಹಾಕ್ತೀವಿ ಅಂದಿದ್ದಾರೆ. ಪಟ್ಟಿಯಲ್ಲಿ ಅಜ್ಜಿಯ ಮರಿಗಳೂ ಇವೆ.