ಹಿಂಡಿ ಆಮೇಲೆ, ಮೊದಲು ಹುಲ್ಲು

ದನ ಕಟ್ಟಿದವರು ಇಬ್ಬರು ಸೇರಿದರೆ ಮೊದಲ ಪ್ರಶ್ನೆ ಒಂದೇ: "ಹಿಂಡಿ ಎಷ್ಟು ಹಾಕ್ತೀರಿ?" ಹಿಂಡಿ ಅಂದರೆ ಇಲ್ಲಿ ಅಂಗಡಿಯಿಂದ ತರುವ ಪಶು ಆಹಾರ. ಮದುವೆ ಮನೆಯಲ್ಲೂ ಇದೇ, ಹಾಲು ಸಂಘದ ಸಭೆಯಲ್ಲೂ ಇದೇ. ಹುಲ್ಲು ಎಷ್ಟು ಹಾಕ್ತೀರಿ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ನಮ್ಮ ಶಿರಸಿ ಕಡೆಯ ಕೊಟ್ಟಿಗೆಗಳಲ್ಲಿ ಹಾಲು ಇಳಿಯುವುದಕ್ಕೆ ಬಹಳ ಸಲ ಹಿಂಡಿ ಕಾರಣವೇ ಅಲ್ಲ. ಒಣಮೇವಿನ ಕೊರತೆ ಕಾರಣ. ಅದೂ ಸುತ್ತಲೂ ಹಸಿರು ತುಂಬಿರುವ ಮಳೆಗಾಲದಲ್ಲಿ.

ನಮ್ಮ ಊರು ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುತ್ತದೆ. ಎರಡು ಎಕರೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ಒಂದು ಜೆರ್ಸಿ ಕ್ರಾಸ್, ಅಂದರೆ ವಿದೇಶಿ ತಳಿಯ ಮಿಶ್ರಣ, ಮತ್ತೆ ಕೆಂಪಿ. ಕೆಂಪಿ ಮಲೆನಾಡು ಗಿಡ್ಡ, ನಮ್ಮ ಕಡೆಯದೇ ಸಣ್ಣ ತಳಿ. ದಿನಕ್ಕೆ ಒಂದೂವರೆ ಲೀಟರ್ ಕೊಡುತ್ತಾಳೆ, ಬೆಟ್ಟ ಸುತ್ತಿ ಬಂದು ತನ್ನ ಜಾಗದಲ್ಲಿ ತಾನೇ ನಿಲ್ಲುತ್ತಾಳೆ, ಡಾಕ್ಟರ ಮುಖ ನೋಡಿದ್ದೇ ಅಪರೂಪ. ಅವಳ ಮೇವಿನ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ತಲೆಬಿಸಿ ಇರುವುದೆಲ್ಲ ಉಳಿದ ಮೂರರದ್ದು.

ಜೂನ್ ಕಳೆದರೆ ತೋಟದ ಬದುವಿನಲ್ಲಿ ಹುಲ್ಲು ಮೊಣಕಾಲೆತ್ತರ. ಕತ್ತಿ ಹಿಡಿದು ಹೋದರೆ ಅರ್ಧ ಗಂಟೆಯಲ್ಲಿ ಹೊರೆ ಆಗುತ್ತದೆ. ದನ ಗಬಗಬ ತಿನ್ನುತ್ತದೆ, ಹೊಟ್ಟೆ ಉಬ್ಬಿ ಕಾಣುತ್ತದೆ, ನಮಗೂ ಸಮಾಧಾನ. ಆದರೆ ಆ ಹುಲ್ಲಿನಲ್ಲಿ ಇರುವುದು ಬರೀ ನೀರು. ನೂರು ಕೆಜಿ ಮಳೆಗಾಲದ ಹುಲ್ಲು ಒಣಗಿಸಿದರೆ ಉಳಿಯುವುದು ಹದಿನೈದರಿಂದ ಇಪ್ಪತ್ತು ಕೆಜಿ. 400 ಕೆಜಿ ತೂಕದ ಕ್ರಾಸ್ ಆಕಳಿಗೆ ನೀರಿನಂಶ ತೆಗೆದು ಲೆಕ್ಕ ಹಾಕಿದರೆ ದಿನಕ್ಕೆ 10ರಿಂದ 12 ಕೆಜಿ ಮೇವು ಬೇಕು. ಮೂವತ್ತು ಕೆಜಿ ಹಸಿಹುಲ್ಲು ಹಾಕಿದರೂ ಅರ್ಧ ಹೊಟ್ಟೆಯೇ ಆಯ್ತಲ್ಲ.

ಇದರ ಗುರುತು ಎರಡು ಕಡೆ ಕಾಣುತ್ತದೆ. ಒಂದು ಸಗಣಿಯಲ್ಲಿ. ಬೆಳಿಗ್ಗೆ ಬಾಚುವಾಗ ಸಗಣಿ ಕೈಯಲ್ಲಿ ನಿಲ್ಲದೆ ಗಂಜಿಯ ಹಾಗೆ ಹರಿದರೆ ಬಹಳ ಸಲ ಒಣಹುಲ್ಲು ಸಾಲುತ್ತಿಲ್ಲ ಅಂತ ಅರ್ಥ. ಇನ್ನೊಂದು ಡೇರಿಯ ಚೀಟಿಯಲ್ಲಿ. ಆಕಳ ಹಾಲಿಗೆ ಶೇಕಡಾ 3.5 ಫ್ಯಾಟು ಅಂದರೆ ಕೊಬ್ಬು, 8.5 ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಬೇಕು. ಜುಲೈ ತಿಂಗಳಲ್ಲಿ ಫ್ಯಾಟು ಮೂರರ ಹತ್ತಿರ ಬಂದು ಕೂತಾಗ ಜನ "ಮಳೆಗಾಲ ಅಲ್ವಾ, ಹಾಲು ತೆಳು" ಅಂತ ಬಿಟ್ಟುಬಿಡುತ್ತಾರೆ. ಮಳೆಗೂ ಹಾಲಿಗೂ ನೇರ ಸಂಬಂಧ ಇಲ್ಲ. ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರು ಕೊಳೆಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಹಾಲಿನ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅದರಿಂದ ಆಗುವುದು. ನಾರೇ ಇಲ್ಲದಿದ್ದರೆ ಕೊಬ್ಬು ಎಲ್ಲಿಂದ ಬರಬೇಕು? ಅದಕ್ಕೆ ಉತ್ತರ ಅಂತ ಇನ್ನೊಂದು ಕೆಜಿ ಹಿಂಡಿ ಸುರಿದರೆ ಫ್ಯಾಟು ಇನ್ನೂ ಇಳಿಯುತ್ತದೆ, ಹಿಂಡಿ ಅಂಗಡಿಯವನಿಗೆ ಮಾತ್ರ ಲಾಭ.

ಹಾಗಾದರೆ ಒಣಹುಲ್ಲು ಹಾಕಿ ಅನ್ನುವುದು ಸುಲಭ. ಒಣಹುಲ್ಲು ಎಲ್ಲಿದೆ?

ನಾನು ಮದುವೆಯಾಗಿ ಬಂದಾಗ ಮನೆ ಕೆಳಗೆ ಗದ್ದೆ ಇತ್ತು. ಅಂಗಳದ ಆಚೆ ದೊಡ್ಡ ಹುಲ್ಲಿನ ಬಣವೆ. ಈಗ ಆ ಗದ್ದೆಯೂ ಅಡಿಕೆ ತೋಟ. ನಮ್ಮದಷ್ಟೇ ಅಲ್ಲ, ಇಡೀ ಊರಿನದ್ದು. ಅಡಿಕೆಗೆ ಬೆಲೆ ಬಂತು, ಗದ್ದೆಗೆ ಕೂಲಿ ಆಳು ಸಿಗಲಿಲ್ಲ, ಯಾರನ್ನು ದೂರುವುದು? ಬೆಟ್ಟದ ಕರಡ, ಅಂದರೆ ಒಣಗಿದ ಕಾಡುಹುಲ್ಲು, ಕೊಯ್ಯುವವರೂ ಇಲ್ಲ. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು, ಸೊಪ್ಪಿಗೆ, ದರಕಿಗೆ (ಉದುರಿದ ಒಣ ಎಲೆಗೆ), ಹುಲ್ಲಿಗೆ. ಬೆಟ್ಟ ಈಗಲೂ ಇದೆ, ಕೊಯ್ಯುವ ಕೈ ಇಲ್ಲ. ಅಲ್ಲಿಗೆ ದನ ಬಿಡುವುದಕ್ಕೂ ಈಗ ಎರಡು ಸಲ ಯೋಚಿಸಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಸಿದ್ದಾಪುರದ ಕಡೆ ಇನ್ನೂ ಹೆದರಿಸುತ್ತಲೇ ಇದೆ. ದನ ಅದರಿಂದ ಕಾಯಿಲೆ ಬೀಳುವುದಿಲ್ಲ, ಆದರೆ ಅದನ್ನು ಹರಡುವ ಉಣುಗನ್ನು ಮೈಗೆ ಹತ್ತಿಸಿಕೊಂಡು ಕೊಟ್ಟಿಗೆ ತನಕ ತಂದುಬಿಡುತ್ತದೆ. ಕೆಂಪಿ ಬಂದ ಕೂಡಲೇ ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಹುಡುಕುವುದು ನನ್ನ ಸಂಜೆಯ ಕೆಲಸ.

ಹೀಗಾಗಿ ಹುಲ್ಲು ಬರುವುದು ಬನವಾಸಿ, ಮುಂಡಗೋಡ, ಹಾನಗಲ್ ಕಡೆಯಿಂದ ಲಾರಿಯಲ್ಲಿ. ಕೊಯ್ಲಿಗೆ ದೊಡ್ಡ ಮಷಿನ್ ಬಂದ ಮೇಲೆ ಆ ಹುಲ್ಲೂ ಮೊದಲಿನ ಹಾಗಿಲ್ಲ. ಮಷಿನ್ ಮೇಲಿಂದ ಕತ್ತರಿಸುತ್ತದೆ, ಪುಡಿ ಮಾಡುತ್ತದೆ, ಗದ್ದೆಯಲ್ಲೇ ಒಂದು ಮಳೆಗೆ ನೆನೆದರೆ ಸುತ್ತಿ ಕಟ್ಟಿದ ಹುಲ್ಲಿನ ಸುರುಳಿ ಬಿಚ್ಚುವಾಗ ಒಳಗೆಲ್ಲ ಬೂಷ್ಟು. ಸುರುಳಿ ಲೆಕ್ಕದಲ್ಲಿ ಕೊಳ್ಳುವವರು ತೂಗಿ ಕೊಳ್ಳಿ. ಒಂದೊಂದು ಸುರುಳಿಗೂ ತೂಕದಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ನಮ್ಮನೆಯ ದಾರಿ ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲದ ಭಾಗ.

ಇದು ನನ್ನ ಶೋಧ ಅಲ್ಲ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಮಾಡುತ್ತಾರೆ, ಪೌಷ್ಟಿಕತೆಯಲ್ಲಿ ಭತ್ತದ ಹುಲ್ಲಿಗೆ ಹೆಚ್ಚುಕಡಿಮೆ ಸಮ ಅಂತ ತಿಳಿದವರೂ ಹೇಳುತ್ತಾರೆ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಎಕರೆಗೆ ಐನೂರು ಮರ ಅಂದುಕೊಂಡರೂ ಮೂರು ಸಾವಿರ ಹಾಳೆ. ಹಾಳೆ ತಟ್ಟೆ ಮಾಡುವವರು ಬಂದು ಕೇಳುತ್ತಾರೆ, ಒಳ್ಳೆಯದನ್ನೇ ಆರಿಸಿ ಒಯ್ಯುತ್ತಾರೆ. ಮೊದಲು ಕೊಡುತ್ತಿದ್ದೆವು. ಆ ದುಡ್ಡಿಗೆ ಎಷ್ಟು ಹುಲ್ಲು ಬರುತ್ತದೆ ಅಂತ ಲೆಕ್ಕ ಹಾಕಿದ ಮೇಲೆ ಈಗ ಕೊಡುವುದಿಲ್ಲ.

ಜನವರಿಯಿಂದ ಮೇ ಒಳಗೆ ಬಿದ್ದದ್ದನ್ನೇ ಆರಿಸಬೇಕು. ಬಿದ್ದು ಒಂದೆರಡು ದಿನದೊಳಗೆ ಹೆಕ್ಕಿ, ಸೋಗೆ ಕಡಿದು, ಹಾಳೆಯನ್ನು ಅಂಗಳದಲ್ಲಿ ಬೋರಲು ಹಾಕಿ ಒಣಗಿಸಬೇಕು. ಮಳೆ ಹಿಡಿದ ಮೇಲೆ ಬಿದ್ದದ್ದು ಬೇಡ. ಬೂಷ್ಟು ಒಂದು, ಇನ್ನೊಂದು ಔಷಧಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಹೊಡೆಯುತ್ತೇವಲ್ಲ, ಅದರ ತಾಮ್ರ ಹಾಳೆಗೂ ಸಿಡಿಯುತ್ತದೆ, ಮರದ ಕೆಳಗಿನ ಹುಲ್ಲಿಗೂ ಬೀಳುತ್ತದೆ. ಔಷಧಿ ಹೊಡೆದ ತೋಟದ ಹುಲ್ಲನ್ನು ಒಳ್ಳೆಯ ಮಳೆ ಬಿದ್ದು ತೊಳೆದುಹೋಗುವ ತನಕ ನಾನು ಕೊಯ್ಯುವುದಿಲ್ಲ. ಔಷಧಿಯ ಬದಲು ಕೊಟ್ಟೆ ಕಟ್ಟುವ, ಅಂದರೆ ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಹೊದಿಕೆ ಕಟ್ಟುವ, ಮನೆಗಳಿಗೆ ಈ ತಾಪತ್ರಯ ಕಮ್ಮಿ, ಆದರೆ ಈಗ ಕೊಟ್ಟೆ ಕಟ್ಟುವವರೇ ಎಲ್ಲಿದ್ದಾರೆ.

ಹಾಳೆಯನ್ನು ಇಡಿಯಾಗಿ ಹಾಕಿದರೆ ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಕತ್ತರಿಸುವ ಮಷಿನ್ ಬೇಕೇ ಬೇಕು. ಒಣಗಿದ ಹಾಳೆಯನ್ನು ಅಂಚು ಹಿಡಿದು ಬಾಯಿಗೆ ಕೊಟ್ಟರೆ ಕರಕರ ಸದ್ದು ಮಾಡುತ್ತ ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ನಾರುನಾರಾದ ಚೂರು ಉದುರುತ್ತದೆ, ಧೂಳು ಮೂಗಿಗೆ ಹತ್ತಿ ಸೀನು. ಟವೆಲ್ ಕಟ್ಟಿಕೊಳ್ಳದೆ ನಿಲ್ಲಲಿಕ್ಕಾಗುವುದಿಲ್ಲ. ಚೂರು ಸಣ್ಣದಾಗಿ ಬಿದ್ದರೆ ದನಕ್ಕೆ ತಿನ್ನಲು ಸುಲಭ. ಚೂರಿಗೆ ಅಕ್ಕಚ್ಚು (ಅಕ್ಕಿ ತೊಳೆದ ನೀರು) ಚಿಮುಕಿಸಿ, ಒಂದು ಮುಷ್ಟಿ ಉಪ್ಪು ಸೇರಿಸಿ, ಹಿಂದಿನ ರಾತ್ರಿಯೇ ಬುಟ್ಟಿಯಲ್ಲಿ ಒತ್ತಿಟ್ಟರೆ ಬೆಳಿಗ್ಗೆ ಮೆತ್ತಗಾಗಿರುತ್ತದೆ. ಹೊಸದಾಗಿ ರೂಢಿ ಮಾಡುವವರು ಹುಲ್ಲಿನ ಜೊತೆ ಕಾಲು ಭಾಗ ಬೆರೆಸಿ ಶುರು ಮಾಡಿ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ನಮ್ಮ ಜೆರ್ಸಿ ಮಾತ್ರ ಹಾಳೆ ಚೂರನ್ನು ನಾಲಗೆಯಲ್ಲಿ ಬದಿಗೆ ಸರಿಸಿ ಹುಲ್ಲನ್ನಷ್ಟೇ ಎತ್ತುತ್ತಿತ್ತು. ಅದರ ಪಾಲಿಗೆ ಬೆಲ್ಲದ ನೀರು ಚಿಮುಕಿಸಬೇಕಾಯಿತು. ಮಹಾ ಜಾಣೆ.

ಇಷ್ಟೆಲ್ಲ ಆದರೂ ಹಾಳೆಯಾಗಲಿ ಹುಲ್ಲಾಗಲಿ ಹೊಟ್ಟೆ ತುಂಬಿಸುವ ವಸ್ತು ಅಷ್ಟೇ. ಪ್ರೋಟೀನು ತೀರಾ ಕಡಿಮೆ. ಹುಲ್ಲಿಗೆ ಯೂರಿಯಾ ಉಪಚಾರ ಮಾಡುವವರಿದ್ದಾರೆ: ನೂರು ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಒತ್ತಿ, ಗಾಳಿಯಾಡದ ಹಾಗೆ 21 ದಿನ ಮುಚ್ಚಿಡುವುದು. ಒಳ್ಳೆಯದೇ. ಆದರೆ ಆ ಯೂರಿಯಾ ನೀರಿನ ಬಕೆಟ್ ದನದ ಬಾಯಿಗೆ ಸಿಕ್ಕರೆ ಸತ್ತೇ ಹೋಗುತ್ತದೆ. ಆರು ತಿಂಗಳೊಳಗಿನ ಕರುವಿಗೆ ಆ ಹುಲ್ಲೂ ಹಾಕಬಾರದು. ಮೊಮ್ಮಕ್ಕಳು, ಕರುಗಳು ಓಡಾಡುವ ಮನೆ ಅಂತ ನಾನು ಅದರ ಗೊಡವೆಗೆ ಹೋಗಿಲ್ಲ.

ದೊಡ್ಡ ಫಾರ್ಮಿನವರು ಇದನ್ನೆಲ್ಲ ಹೇಗೆ ನಿಭಾಯಿಸುತ್ತಾರೆ ಅಂತ ನೋಡಿದ್ದು ಹಾವೇರಿ ಹತ್ತಿರದ ನೆಂಟರ ಮನೆಯಲ್ಲಿ. ನಲವತ್ತಕ್ಕೂ ಜಾಸ್ತಿ ಎಚ್‌ಎಫ್. ಅದು ಗೋವಿನಜೋಳದ (ಮೆಕ್ಕೆಜೋಳದ) ಸೀಮೆ. ತೆನೆಯ ಕಾಳು ಹಾಲು ಕಟ್ಟಿ ಗಟ್ಟಿಯಾಗುವ ಹೊತ್ತಿಗೆ ಗಿಡ ಸಮೇತ ಕತ್ತರಿಸಿ, ಹೊಂಡಕ್ಕೆ ತುಂಬಿ, ಮೇಲೆ ಟ್ರ್ಯಾಕ್ಟರ್ ಓಡಿಸಿ ಗಾಳಿ ಹೊರಹಾಕಿ, ಪ್ಲಾಸ್ಟಿಕ್ ಮುಚ್ಚಿ ಟಯರ್ ಹೇರುತ್ತಾರೆ. ಒಂದೂವರೆ ತಿಂಗಳಿಗೆ ಸೈಲೇಜ್ ತಯಾರು, ಹುಳಿ ವಾಸನೆ, ಬಂಗಾರದ ಬಣ್ಣ. ಜಾಸ್ತಿ ಹಾಲಿನವು, ಕಡಿಮೆ ಹಾಲಿನವು, ಬತ್ತಿದವು ಅಂತ ಬೇರೆ ಬೇರೆ ಗುಂಪು. ಸೈಲೇಜ್, ಒಣಹುಲ್ಲು, ಹಿಂಡಿ, ಖನಿಜ ಪುಡಿ ಎಲ್ಲ ಒಟ್ಟಿಗೆ ಕಲಸಿ ಹಾಕುತ್ತಾರೆ. ಹಿಂಡಿಯನ್ನಷ್ಟೇ ಆರಿಸಿ ತಿನ್ನಲು ದನಕ್ಕೆ ಬಿಡುವುದೇ ಇಲ್ಲ.

ಅಲ್ಲಿಂದ ನಾನು ಹೊತ್ತು ತಂದದ್ದು ಒಂದೇ, ತೂಗುವ ಅಭ್ಯಾಸ. ನಮ್ಮ ಕಡೆ "ಒಂದು ಹೊರೆ", "ಎರಡು ಸೇರು", "ಒಂದು ಬುಟ್ಟಿ". ನನ್ನ ಹೊರೆ ಬೇರೆ, ಮಗನ ಹೊರೆ ಬೇರೆ. ಕೊಟ್ಟಿಗೆ ತೊಲೆಗೆ ತೂಕದ ಕೊಕ್ಕೆ ನೇತುಹಾಕಿದ ಮೇಲೆ ಹೊರೆಯೆಂದರೆ ಎಷ್ಟು ಅಂತ ಗೊತ್ತಾಯಿತು. ಹೊಂಡದ ಸೈಲೇಜ್ ಮಾತ್ರ ನಮಗಲ್ಲ. ಜುಲೈಯಲ್ಲಿ ನಮ್ಮ ನೆಲದಲ್ಲಿ ಹೊಂಡ ತೋಡಿದರೆ ಬಾವಿಯಾಗುತ್ತದೆ. ಚೀಲದಲ್ಲಿ ಬರುವ ಸೈಲೇಜ್ ತಂದರೆ ಇಲಿ ಕಾಯಬೇಕು. ಸಣ್ಣ ತೂತು ಬಿದ್ದರೂ ಗಾಳಿ ಹೋಗಿ ಚೀಲ ಪೂರ್ತಿ ಹಾಳು.

ಹಿಂಡಿಯ ಮಾತು ಬಿಡಲಿಕ್ಕಾಗುವುದಿಲ್ಲ, ಹೇಳಿ ಮುಗಿಸುತ್ತೇನೆ. ದನದ ಮೈಗೆ ಅಂತ ಒಂದೂವರೆಯಿಂದ ಎರಡು ಕೆಜಿ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರ್ ಕೊಡುವ ಆಕಳಿಗೆ ಆರು ಕೆಜಿ ಒಳಗೇ ಆಯಿತು. ಅದನ್ನೂ ಎರಡು ಮೂರು ಹೊತ್ತಿಗೆ ಹಂಚಬೇಕು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಹುಲ್ಲು ಮೊದಲು, ಹಿಂಡಿ ಆಮೇಲೆ. ಹಾಲು ಕರೆದ ಕೂಡಲೇ ಗೋದಲಿಗೆ ಮೇವು ಹಾಕಿ ದನವನ್ನು ಅರ್ಧ ಗಂಟೆ ನಿಂತೇ ಇರುವ ಹಾಗೆ ಮಾಡಿ. ಮೊಲೆಯ ತೂತು ಆಗಷ್ಟೇ ತೆರೆದಿರುತ್ತದೆ, ಒದ್ದೆ ಸೊಪ್ಪಿನ ಮೇಲೆ ಮಲಗಿದರೆ ಕೆಚ್ಚಲು ಬಾವು ಕರೆದು ತಂದಂತೆ. ನೀರು ಸದಾ ಎದುರಿಗಿರಲಿ. ಮಳೆಗಾಲದಲ್ಲಿ ದನ ನೀರು ಕುಡಿಯುವುದಿಲ್ಲ ಅನ್ನುವವರು ಇಟ್ಟು ನೋಡಲಿ.

ಇನ್ನು ಹಲಸು. ಮೇ, ಜೂನಿನಲ್ಲಿ ಬಿದ್ದ ಹಣ್ಣನ್ನು ದನಕ್ಕೆ ಸುರಿಯುವುದು ನಮ್ಮ ಸೀಮೆಯ ಕೆಟ್ಟ ಔದಾರ್ಯ. ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಗೋಪೂಜೆ ದಿನ ಕಡುಬು, ಪಾಯಸ, ಅನ್ನ ತಿನ್ನಿಸುವುದೂ ಅದೇ. ಸಕ್ಕರೆ, ಪಿಷ್ಟ ಒಮ್ಮೆಲೇ ಹೋದರೆ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ದನ ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಮಲಗಿದ್ದು ಏಳುವುದಿಲ್ಲ. ಹಬ್ಬದ ಮರುದಿನ ಡಾಕ್ಟರ ಫೋನ್ ಬಿಡುವಿರುವುದಿಲ್ಲ. ನಮ್ಮನೆಯಲ್ಲಿ ಕಡುಬು ದನಕ್ಕೊಂದೇ, ಪೂಜೆಗೆ ಬಂದ ಮಕ್ಕಳ ಕೈಗೆ ಕೊಡುವುದು ಹಸಿಹುಲ್ಲು. ಅತ್ತೆಗೆ ಇದು ಇನ್ನೂ ಸರಿಬಂದಿಲ್ಲ.

ಲಾಭ ಎಷ್ಟು ಅಂತ ಕೇಳುವವರಿಗೆ: ಡೇರಿ ದುಡ್ಡು, ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ, ಎರಡೂ ಸೇರಿ ಹಿಂಡಿ, ಹುಲ್ಲು, ಡಾಕ್ಟರ ಖರ್ಚು ಕಳೆಯುತ್ತದೆ, ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಗೊಬ್ಬರ ಪೂರ್ತಿ ತೋಟಕ್ಕೆ. ಹಾವೇರಿಯ ನೆಂಟರಿಗೆ ಸಗಣಿ ಎಲ್ಲಿ ಹಾಕಬೇಕು ಅನ್ನುವುದೇ ಚಿಂತೆ, ನಮ್ಮ ಊರಿನವರು ಬಯಲುಸೀಮೆಯಿಂದ ಲಾರಿಗಟ್ಟಲೆ ಗೊಬ್ಬರ ತರಿಸುತ್ತಾರೆ. ದನ ಮಾರಿ, ಗೊಬ್ಬರ ಕೊಂಡು, ಹಾಳೆಯನ್ನು ತಟ್ಟೆಯವರಿಗೆ ಕೊಟ್ಟು, ಪ್ಯಾಕೆಟ್ ಹಾಲು ತರುವ ಮನೆಗಳು ನಮ್ಮ ಕೇರಿಯಲ್ಲೇ ಇವೆ. ಅವರ ಮನೆಯಲ್ಲಿ ಬಾಚುವವರಿಲ್ಲ, ಅದೂ ನಿಜ.

ಈ ವರ್ಷ ಅಟ್ಟದಲ್ಲಿ ಹಾಳೆ ಚೆನ್ನಾಗಿ ತುಂಬಿದೆ. ಬನವಾಸಿಯ ಹುಲ್ಲಿನವನ ಜೊತೆ ದರ ಇನ್ನೂ ಕುದುರಿಲ್ಲ. ಅವನು ಸುರುಳಿ ಲೆಕ್ಕ ಅನ್ನುತ್ತಾನೆ, ನಾನು ಕೆಜಿ ಲೆಕ್ಕ ಅನ್ನುತ್ತೇನೆ.