ಬೇಸಿಗೆಯಲ್ಲಿ ಅಡುಗೆ: ಬಿಸಿಲಿಗಿಂತ ಮೊದಲು ಒಲೆ ನೋಡಿ

ದೊಡ್ಡ ಊಟಗಳಿಗೆ ಬಯಲಲ್ಲಿ ಅಡುಗೆ ಮಾಡುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಎಲ್ಲರೂ ಕೇಳುವುದು ಒಂದೇ ಮಾತು: 'ಆ ಬೆಂಕಿ ಮುಂದೆ ಹೇಗೆ ನಿಲ್ತೀರಿ? ಏನು ಕುಡೀತೀರಿ?' ಕುಡಿಯುವುದು ಬೇಕೇ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಬಿಸಿಲು ನಮ್ಮ ಕೈಯಲ್ಲಿಲ್ಲ, ಒಲೆ ನಮ್ಮ ಕೈಯಲ್ಲಿದೆ. ಅದು ಎಷ್ಟು ಹೊತ್ತು ಉರಿಯುತ್ತದೆ, ಅದರ ಮುಂದೆ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದನ್ನು ಮೊದಲು ಸರಿಮಾಡಿಕೊಳ್ಳಬೇಕು.

ಹವಾಮಾನ ವರದಿಯ ಡಿಗ್ರಿಯನ್ನಷ್ಟೇ ನೋಡಿ ಕೆಲಸಕ್ಕೆ ಇಳಿಯಬೇಡಿ. ಅದು ನೆರಳಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದದ್ದು. ಬಿಸಿಲಲ್ಲಿ ಬರ್ನರ್ ಪಕ್ಕ ನಿಂತವರ ಪಾಡು ಅದಕ್ಕೆ ಗೊತ್ತಾಗುವುದಿಲ್ಲ. ಬಯಲಲ್ಲಿ ದುಡಿಯುವವರಿಗಾಗಿಯೇ ಬೇರೊಂದು ಅಳತೆ ಇದೆ, ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಅಂತ. 1950ರ ದಶಕದಲ್ಲಿ ಅಮೆರಿಕದ ಸೇನೆಯವರು ತರಬೇತಿ ಶಿಬಿರಗಳಿಗಾಗಿ ಮಾಡಿಕೊಂಡದ್ದು. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ ನೂರರಲ್ಲಿ 70 ಪಾಲು, ಕಪ್ಪು ಗೋಳದೊಳಗಿನ ಥರ್ಮಾಮೀಟರ್‌ಗೆ 20, ಬರೀ ಗಾಳಿಯ ಬಿಸಿಗೆ 10 ಮಾತ್ರ. ಒದ್ದೆ ಬಟ್ಟೆ ತೇವವನ್ನು ಹಿಡಿಯುತ್ತದೆ, ಕಪ್ಪು ಗೋಳ ಝಳವನ್ನು. ಅಂದರೆ ಹೆಚ್ಚು ಕಾಡುವುದು ತೇವ ಮತ್ತು ಝಳ. ಒಲೆ ಮುಂದೆ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಬಯಲಲ್ಲಿ ಮುಖ್ಯ ಶತ್ರು ಝಳ. ಅದು ನೇರವಾಗಿ ಬರುತ್ತದೆ, ಎಷ್ಟೇ ಗಾಳಿ ಬೀಸಿದರೂ ದಿಕ್ಕು ಬದಲಿಸುವುದಿಲ್ಲ. ಅಡ್ಡ ಏನಾದರೂ ಇದ್ದರೆ ಮಾತ್ರ ನಿಲ್ಲುತ್ತದೆ. ಅದಕ್ಕೇ ನಮ್ಮಲ್ಲಿ ಒಲೆಗೂ ನಿಲ್ಲುವವರಿಗೂ ನಡುವೆ ಸೊಂಟದೆತ್ತರದ ಹೊಳೆಯುವ ತಗಡು ಇರುತ್ತದೆ, ಗಾಳಿ ಒಳಹೋಗಲು ಕೆಳಗೆ ಸ್ವಲ್ಪ ಜಾಗ ಬಿಟ್ಟು. ತಗಡಿನ ಹಿಂದೆ ಒಮ್ಮೆ ನಿಂತು, ಆಮೇಲೆ ಅದನ್ನು ಸರಿಸಿ ನಿಂತು ನೋಡಿ. ಮೊದಲು ಗೊತ್ತಾಗುವುದು ಮೊಣಕಾಲಿಗೆ, ಮುಖಕ್ಕಲ್ಲ. ಸೌಟಿನ ಹಿಡಿ ಉದ್ದ ಇದ್ದರೆ ಒಂದು ಹೆಜ್ಜೆ ಹಿಂದೆ ನಿಲ್ಲಬಹುದು, ಆ ಒಂದು ಹೆಜ್ಜೆಗೇ ಝಳ ಎಷ್ಟೋ ಇಳಿಯುತ್ತದೆ. ಎದುರುಬದುರು ಎರಡು ಸಾಲು ಒಲೆ ಹಾಕಿ ನಡುವೆ ಆಳು ನಿಲ್ಲಿಸುವುದು ನನಗಂತೂ ಆಗದ ಮಾತು. ಹೊಟ್ಟೆ ಬೆನ್ನು ಎರಡೂ ಕಡೆ ಬೇಯುತ್ತದೆ. ಒಂದೇ ಸಾಲು, ಗಾಳಿ ಬೆನ್ನಿಗೆ.

ನೆರಳನ್ನು ಬೆಳಗ್ಗೆ ನೋಡಿ ಮೋಸ ಹೋಗಬಾರದು. ಮಧ್ಯಾಹ್ನ ಹನ್ನೆರಡಕ್ಕೆ ಅದು ಎಲ್ಲಿ ಬೀಳುತ್ತದೋ ಅಲ್ಲಿ ಒಲೆ ಹೂಡಬೇಕು. ತಗಡಿನ ಚಾವಣಿ ಕಾದರೆ ಅದೂ ತಲೆ ಮೇಲಿನ ಇನ್ನೊಂದು ಒಲೆಯೇ. ಎತ್ತರಕ್ಕೆ ಕಟ್ಟಿದ ಬಟ್ಟೆಯ ಚಪ್ಪರ ಮೇಲು, ಬೆಂಕಿಯಿಂದ ದೂರ ಇರಬೇಕು ಅಷ್ಟೇ. ಸಿಲಿಂಡರ್ ಕೂಡ ನೆರಳಲ್ಲಿ, ಒಲೆಯಿಂದ ದೂರ, ನೆಟ್ಟಗೆ ನಿಂತಿರಬೇಕು. ಬಿಸಿ ಏರಿದಂತೆ ಒಳಗಿನ ಒತ್ತಡವೂ ಏರುತ್ತದೆ.

ಬಟ್ಟೆ ಹತ್ತಿಯದೇ ಆಗಲಿ. ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಸೆಖೆ ಅಂತ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ. ಒದ್ದೆ ಮಸಿಬಟ್ಟೆಯ ಮೂಲಕ ಬಿಸಿ ಕೂಡಲೇ ಕೈಗೆ ದಾಟುತ್ತದೆ, ಆವಿಯೂ ಏಳುತ್ತದೆ.

ಮನೆಯ ಅಡುಗೆಮನೆಯಲ್ಲಿ ಕಾಟ ಬೇರೆ ಥರ. ಅಲ್ಲಿ ತೇವದ್ದೇ ಜಾಸ್ತಿ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ, ಕೋಣೆ ತುಂಬ ಹಬೆ ಇದ್ದರೆ ಬೆವರು ಸುಮ್ನೆ ಹರಿಯುತ್ತದೆ ಅಷ್ಟೇ. ಗ್ಯಾಸ್ ಉರಿಯುವಾಗಲೂ ನೀರಾವಿ ಹುಟ್ಟುತ್ತದೆ, ಅದನ್ನು ತಡೆಯಲಾಗದು. ಪಾತ್ರೆಯ ಹಬೆಯನ್ನು ತಡೆಯಬಹುದು. ಕೊತಕೊತ ಕುದಿಸಿದರೂ ಸಣ್ಣಗೆ ಕುದಿಸಿದರೂ ನೀರಿನ ಬಿಸಿ ಸುಮಾರು 100 ಡಿಗ್ರಿಯೇ. ಜೋರು ಉರಿಯಿಂದ ತರಕಾರಿ ಬೇಗ ಬೇಯುವುದಿಲ್ಲ, ಗೋಡೆ ಬೆವರುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳ ಹಾಕಿ. ಪ್ರೆಷರ್ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಮುಟ್ಟುವುದರಿಂದ ಒಲೆ ಬೇಗ ಆರುತ್ತದೆ. ಕಾಳುಗಳನ್ನು ರಾತ್ರಿಯೇ ನೆನೆಸಿಟ್ಟರೆ ಇನ್ನೂ ಬೇಗ. ಇಂಡಕ್ಷನ್ ಒಲೆ ಇದ್ದರೆ ಬೇಸಿಗೆಯಲ್ಲಿ ಅದನ್ನೇ ಬಳಸಿ, ಗ್ಯಾಸಿನಷ್ಟು ಬಿಸಿ ಕೋಣೆಗೆ ಸೋರುವುದಿಲ್ಲ.

ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ಬಾಗಿಲು ಎಲ್ಲ ಮುಚ್ಚಿಕೊಂಡವರನ್ನು ನೋಡಿದ್ದೇನೆ. ಒಳಗೆ ಗಾಳಿ ಬರದೆ ಅದು ಹೊರಗೆ ಏನನ್ನು ತಳ್ಳಬೇಕು? ಎದುರಿನ ಒಂದು ಬಾಗಿಲಾದರೂ ತೆರೆದಿರಲಿ. ಇನ್ನು ಮಾಮೂಲಿ ಫ್ಯಾನ್: ಗಾಳಿ 40 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಬಳಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೇಲೆ ಹೋದರೆ ಫ್ಯಾನ್ ಮೈಗೆ ಬಿಸಿಯನ್ನೇ ಊದುತ್ತದೆ.

ಈಗ ಕುಡಿಯುವ ಮಾತು. ಬಿಸಿಯಲ್ಲಿ ದುಡಿಯುವವರು 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿಲಿ ನೀರು ಕುಡಿಯಬೇಕು. ಬಾಯಾರುವ ತನಕ ಕಾಯಬಾರದು. ಹಾಗಂತ ಗಂಟೆಗೆ ಒಂದೂವರೆ ಲೀಟರ್ ದಾಟಿಸಬೇಡಿ, ರಕ್ತದ ಉಪ್ಪಿನಂಶ ಕುಸಿಯುತ್ತದೆ. ಗಂಟೆಗಟ್ಟಲೆ ಬೆವರಿದ ದಿನ ನೀರಿನ ಜೊತೆ ಹೊಟ್ಟೆಗೆ ಊಟವೂ ಬೀಳಬೇಕು, ಕಳೆದುಕೊಂಡ ಉಪ್ಪು ಅದರಿಂದಲೇ ವಾಪಸ್ ಬರುವುದು.

ಹೊಸಬರ ವಿಷಯದಲ್ಲಿ ನಾನು ತುಂಬ ಬಿಗಿ. ದೇಹ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಒಲೆ ಮುಂದೆ ಐದನೇ ಒಂದು ಪಾಲು ಹೊತ್ತು ಮಾತ್ರ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸುತ್ತೇವೆ. ಉಳಿದ ಹೊತ್ತು ನೆರಳಲ್ಲಿ ತರಕಾರಿ ಹೆಚ್ಚುವುದು. ಗಟ್ಟಿಮುಟ್ಟಾದ ಹುಡುಗರೇ 'ನನಗೇನೂ ಆಗಲ್ಲ ಬಿಡಣ್ಣ' ಅನ್ನುವುದು, ಅವರ ಮೇಲೆಯೇ ಜಾಸ್ತಿ ಕಣ್ಣಿಡಬೇಕು. ತಲೆಸುತ್ತು, ಓಕರಿಕೆ, ಕಾಲು ಸೆಳೆತ ಬಂದರೆ ಕೂಡಲೇ ನೆರಳಿಗೆ ಕೂರಿಸಿ. ಮಾತು ತೊದಲಿದರೆ, ಏನೇನೋ ಹೇಳತೊಡಗಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡುವಾಗಲೇ ಇನ್ನೊಬ್ಬರು ಮೈಮೇಲೆ ತಣ್ಣೀರು ಸುರಿಯಲು ಶುರುಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮಾಡಿಟ್ಟ ಅಡುಗೆಗೂ ಈ ಬಿಸಿ ಒಳ್ಳೆಯದಲ್ಲ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಸಾಮಾನ್ಯವಾಗಿ ಎರಡು ಗಂಟೆ ಹೊರಗಿಡಬಹುದು, ಗಾಳಿ 32 ಡಿಗ್ರಿ ದಾಟಿದರೆ ಒಂದೇ ಗಂಟೆ.

ಹಾಗಾಗಿ ಬೇಸಿಗೆಯ ಊಟ ಒಪ್ಪಿಕೊಳ್ಳುವಾಗಲೇ ನಾನು ಮೆನುವಿಗೆ ಕೈ ಹಾಕುತ್ತೇನೆ. ಬಡಿಸುವ ಹೊತ್ತಿಗೆ ಬಿಸಿಬಿಸಿ ಕರಿಯಲೇಬೇಕಾದ ತಿಂಡಿ ಒಂದಕ್ಕಿಂತ ಹೆಚ್ಚು ಬೇಡ ಎನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದವರಿಗೆ ಇನ್ನೊಬ್ಬ ಆಳಿನ ಕೂಲಿ ಸೇರಿಸಿ ಲೆಕ್ಕ ಕೊಡುತ್ತೇನೆ, ಯಾಕೆಂದರೆ ಬಾಣಲೆ ಮುಂದೆ ಸರದಿ ಬದಲಿಸದೆ ಒಬ್ಬರನ್ನೇ ನಿಲ್ಲಿಸಲು ನಾನು ತಯಾರಿಲ್ಲ.