ಟ್ಯೂನಾ ಹಿಡಿಯಲು ಹೊರಟವರು ಮುಂಗಡ ಕೊಡುವ ಮುನ್ನ

ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಬೇಕಾದಷ್ಟಿವೆ. ಮಕ್ಕಳನ್ನು ನೋಡಲು ಜೂನ್, ಜುಲೈನಲ್ಲಿ ಅಲ್ಲಿಗೆ ಹೋಗುವವರಲ್ಲಿ ತುಂಗಭದ್ರೆಗೆ ಗಾಳ ಹಾಕಿ ಕೈ ಪಳಗಿಸಿಕೊಂಡವರೂ ಇರುತ್ತಾರೆ. ನ್ಯೂಜೆರ್ಸಿಯಲ್ಲೋ ಸ್ಯಾನ್ ಡಿಯಾಗೋದಲ್ಲೋ ಬಾಡಿಗೆ ಬೋಟಿನಲ್ಲಿ ಟ್ಯೂನಾ, ಅಂದರೆ ನಮ್ಮ ಕರಾವಳಿಯವರು ಕೇದರ ಎನ್ನುವ ಕಡಲ ಮೀನು, ಹಿಡಿಯಲು ಹೋಗಬಹುದು ಎಂದು ತಿಳಿದ ಕೂಡಲೇ ಆಸೆ ಹುಟ್ಟುವುದು ಸಹಜ. ಹೋಗಿ, ಖಂಡಿತ ಹೋಗಿ. ಆದರೆ ಮುಂಗಡ ಕೊಡುವ ಮೊದಲೇ ನಿಯಮ ತಿಳಿದುಕೊಳ್ಳಿ. ದಡದಿಂದ ನೂರು ಮೈಲಿ ದೂರದಲ್ಲಿ ಮೀನು ಗಾಳಕ್ಕೆ ಬಿದ್ದಿರುವಾಗ ನಿಯಮ ಕೇಳುತ್ತಾ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಮೊದಲು ಪರವಾನಗಿಯ ಮಾತು. ನಮ್ಮಲ್ಲಿ ಮೀನು ಹಿಡಿಯುವವನ ಹತ್ತಿರ ಲೈಸೆನ್ಸ್ ಇದೆಯೇ ಎಂದು ಕೇಳುತ್ತಾರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಅಂದರೆ ಅಟ್ಲಾಂಟಿಕ್ ಕಡೆ, ಟ್ಯೂನಾ ಪರ್ಮಿಟ್ ಇರುವುದು ಬೋಟಿನ ಹೆಸರಿನಲ್ಲಿ. ಅಲ್ಲಿನ ಕೇಂದ್ರ ಸರ್ಕಾರದ ಮೀನುಗಾರಿಕೆ ಇಲಾಖೆ ನೋವಾ ಫಿಶರೀಸ್ ಅದನ್ನು ಕೊಡುತ್ತದೆ. ಬಾಡಿಗೆ ಬೋಟಿಗೆ ಬೇಕಾದದ್ದು 'ಎಚ್‌ಎಂಎಸ್ ಚಾರ್ಟರ್/ಹೆಡ್‌ಬೋಟ್' ಪರ್ಮಿಟ್. ಮಗನ ಗೆಳೆಯರ ಸ್ವಂತ ಬೋಟಾದರೆ 'ಎಚ್‌ಎಂಎಸ್ ಆ್ಯಂಗ್ಲಿಂಗ್' ಪರ್ಮಿಟ್. ಎರಡನ್ನೂ ಪ್ರತಿ ವರ್ಷ ನವೀಕರಿಸಬೇಕು. ಎಚ್‌ಎಂಎಸ್ ಎಂದರೆ ಬಹುದೂರ ವಲಸೆ ಹೋಗುವ ಮೀನುಗಳು: ಟ್ಯೂನಾ, ಕತ್ತಿಮೀನು, ಮಾರ್ಲಿನ್, ಶಾರ್ಕ್ ಇವೆಲ್ಲ ಆ ಗುಂಪಿನವು. ಗೆಳೆಯರು ಡೀಸೆಲ್ ಖರ್ಚು ಹಂಚಿಕೊಳ್ಳುವುದು ಬೇರೆ, ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯುವುದು ಬೇರೆ. ದುಡ್ಡು ತೆಗೆದುಕೊಂಡರೆ ಕ್ಯಾಪ್ಟನ್‌ಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಕೂಡ ಇರಬೇಕು. ಸಣ್ಣ ಚಾರ್ಟರ್ ಬೋಟುಗಳನ್ನು ಅಲ್ಲಿ 'ಸಿಕ್ಸ್ ಪ್ಯಾಕ್' ಎನ್ನುತ್ತಾರೆ. ಹಣ ಕೊಟ್ಟು ಬರುವವರು ಗರಿಷ್ಠ ಆರು ಜನ, ಅದರ ಮೇಲೆ ಒಬ್ಬರೂ ಇಲ್ಲ. ಮೊಮ್ಮಗನನ್ನು ಏಳನೆಯವನಾಗಿ ಕೂರಿಸಿಕೊಳ್ಳಿ ಎಂದು ಒತ್ತಾಯ ಮಾಡಬೇಡಿ. ಒಪ್ಪಿಕೊಳ್ಳುವ ಕ್ಯಾಪ್ಟನ್ ಸಿಕ್ಕರೆ ಆ ಬೋಟನ್ನೇ ಬಿಟ್ಟುಬಿಡಿ.

ಪರ್ಮಿಟ್ ಬೋಟಿನದು. ಆದರೆ ಹಿಡಿದ ಮೀನಿನ ಲೆಕ್ಕ ಕೆಲವು ಜಾತಿಗೆ ತಲೆಗಿಷ್ಟು, ಕೆಲವಕ್ಕೆ ಬೋಟಿಗಿಷ್ಟು. ಜನ ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇಲ್ಲೇ.

ಯೆಲ್ಲೋಫಿನ್ ಟ್ಯೂನಾದ ಲೆಕ್ಕ ತಲೆಗೆ. ಒಬ್ಬರಿಗೆ ದಿನಕ್ಕೆ 3, ಅಳತೆ ಕನಿಷ್ಠ 27 ಇಂಚು. ಆರು ಜನ ಹೋದರೆ 18. 'ಓವರ್‌ನೈಟ್ ಟ್ರಿಪ್, ಎರಡು ದಿನ, ಹಾಗಾದರೆ ತಲೆಗೆ 6 ಅಲ್ಲವೇ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರವಾಸ ಎಷ್ಟೇ ದಿನದ್ದಾಗಲಿ, ದಡಕ್ಕೆ ಬರುವಾಗ ನಿಮ್ಮ ಹತ್ತಿರ ಒಂದು ದಿನದ ಪಾಲಿಗಿಂತ ಹೆಚ್ಚು ಇರಕೂಡದು. ನ್ಯೂಯಾರ್ಕ್ ಆಚೆ ಕಡಲಡಿಯಲ್ಲಿರುವ ಹಡ್ಸನ್ ಕಣಿವೆಯಂಥ ದೂರದ ಜಾಗಕ್ಕೆ ರಾತ್ರಿ ತಂಗುವ ಟ್ರಿಪ್ಪಿಗೆ ಹೆಚ್ಚು ದುಡ್ಡು ಕೊಡುವವರು ಇದನ್ನು ಮೊದಲೇ ತಿಳಿದಿರಲಿ. ಆ ದುಡ್ಡಿಗೆ ಸಿಗುವುದು ಹೆಚ್ಚಿನ ಸಮಯ, ಹೆಚ್ಚಿನ ಮೀನಲ್ಲ.

ಬಿಗ್‌ಐ ಟ್ಯೂನಾಕ್ಕೂ ಕನಿಷ್ಠ ಅಳತೆ 27 ಇಂಚು, ಆದರೆ ಸಂಖ್ಯೆಯ ಮಿತಿ ಇಲ್ಲ. ಆಲ್ಬಕೋರ್, ಸ್ಕಿಪ್‌ಜ್ಯಾಕ್ ಎಂಬ ಟ್ಯೂನಾ ಜಾತಿಗಳೆರಡಕ್ಕೂ ಅಳತೆಯ ಮಿತಿಯೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ.

ಬ್ಲೂಫಿನ್ ಟ್ಯೂನಾದ ಕಥೆಯೇ ಬೇರೆ. ಅದರ ಲೆಕ್ಕ ಬೋಟಿಗೆ. ಆರು ಜನ ಇದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ. ಅಳತೆಯ ಮೇಲೆ ವರ್ಗಗಳಿವೆ: 27ರಿಂದ 47 ಇಂಚಿನೊಳಗಿನದು 'ಸ್ಕೂಲ್', 47ರಿಂದ 59ರೊಳಗೆ 'ಲಾರ್ಜ್ ಸ್ಕೂಲ್', 59ರಿಂದ 73ರೊಳಗೆ 'ಸ್ಮಾಲ್ ಮೀಡಿಯಂ', 73ರಿಂದ 81ರೊಳಗೆ 'ಲಾರ್ಜ್ ಮೀಡಿಯಂ', 81 ಮತ್ತು ಅದಕ್ಕೂ ಮೇಲೆ 'ಜೈಂಟ್'. ನಮ್ಮ ಮೊಳದ ಲೆಕ್ಕ ಗೊತ್ತಿದ್ದವರಿಗೆ ಇದು ಸುಲಭ. ಮೊಳಕ್ಕೆ 18 ಇಂಚು ಹಿಡಿದರೆ 27 ಇಂಚು ಎಂದರೆ ಸರಿಯಾಗಿ ಒಂದೂವರೆ ಮೊಳ, 73 ಎಂದರೆ ನಾಲ್ಕು ಮೊಳದ ಮೇಲೆ ಒಂದು ಇಂಚು. ಒಂದೂವರೆ ಮೊಳಕ್ಕಿಂತ ಚಿಕ್ಕ ಬ್ಲೂಫಿನ್ ಯಾವ ಕಾರಣಕ್ಕೂ ಇಟ್ಟುಕೊಳ್ಳುವಂತಿಲ್ಲ. 73 ಇಂಚು ಮುಟ್ಟಿದ್ದನ್ನೂ ಮೀರಿದ್ದನ್ನೂ ಶೋಕಿಗೆ ಮೀನು ಹಿಡಿಯುವವರ ಲೆಕ್ಕದಲ್ಲಿ 'ಟ್ರೋಫಿ' ಎನ್ನುತ್ತಾರೆ. ಅದು ಬೋಟಿಗೆ ವರ್ಷಕ್ಕೆ ಒಂದೇ, ಅದೂ ಆ ಪ್ರದೇಶದ ಕೋಟಾ, ಅಂದರೆ ಎಲ್ಲರೂ ಸೇರಿ ಹಿಡಿಯಲು ಇಟ್ಟ ಒಟ್ಟು ಪಾಲು, ಉಳಿದಿದ್ದರೆ ಮಾತ್ರ. ಕೋಟಾ ಮುಗಿದ ದಿನ ಆ ಪ್ರದೇಶದಲ್ಲಿ ಬಾಗಿಲು ಹಾಕುತ್ತಾರೆ. ಮೆಕ್ಸಿಕೋ ಕೊಲ್ಲಿ ಬ್ಲೂಫಿನ್ ಮೊಟ್ಟೆಯಿಡುವ ಜಾಗ, ಅಲ್ಲಿ ಅದನ್ನೇ ಗುರಿಯಿಟ್ಟು ಹಿಡಿಯುವುದು ನಿಷಿದ್ಧ.

ದಿನಕ್ಕೆ ಬೋಟಿಗೆ ಎಷ್ಟು ಬ್ಲೂಫಿನ್ ಎಂಬ ಸಂಖ್ಯೆಯನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಸೀಸನ್ ನಡೆಯುತ್ತಿರುವಾಗಲೇ ಅದನ್ನು ಬದಲಿಸುತ್ತಾರೆ. ಚಾರ್ಟರ್ ಬೋಟಿಗೆ ಒಂದು, ಸ್ವಂತ ಬೋಟಿಗೆ ಇನ್ನೊಂದು ಇರುವುದೂ ಉಂಟು. ಹೋದ ವರ್ಷ ಹೋಗಿ ಬಂದವರ ಮಾತನ್ನೂ ಹಳೆಯ ಯೂಟ್ಯೂಬ್ ವಿಡಿಯೋವನ್ನೂ ನಂಬಬೇಡಿ. ಹೊರಡುವ ಹಿಂದಿನ ಸಂಜೆ ನೋವಾದ ಎಚ್‌ಎಂಎಸ್ ಪರ್ಮಿಟ್ ಜಾಲತಾಣ ತೆರೆದು ಅಂದಿನ ಮಿತಿಯನ್ನು ನೋಡುವುದೇ ಸರಿಯಾದ ಕ್ರಮ.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಚಾರ್ಟರ್ ಬೋಟುಗಳ ಪರ್ಮಿಟ್ಟಿಗೆ ಮೀನು ಮಾರುವ ಅನುಮತಿಯೂ ಸೇರಿರುತ್ತದೆ. ಅಂಥ ಬೋಟಿನಲ್ಲಿ ಆ ದಿನ ಮೊದಲು ಉಳಿಸಿಕೊಂಡ ಬ್ಲೂಫಿನ್ ಯಾವ ಅಳತೆಯದು ಎಂಬುದರ ಮೇಲೆ ಇಡೀ ದಿನದ ಲೆಕ್ಕ ನಿಲ್ಲುತ್ತದೆ: ಶೋಕಿಯ ಲೆಕ್ಕವೋ, ವ್ಯಾಪಾರದ ಲೆಕ್ಕವೋ ಎಂದು. ದೊಡ್ಡ ಮೀನನ್ನು ವ್ಯಾಪಾರದ ಲೆಕ್ಕದಲ್ಲಿ ಇಳಿಸಿದರೆ ಅದನ್ನು ಮಾರುವುದು ಬೋಟಿನವರು. ರಾಡ್ ಹಿಡಿದು ಎರಡು ಗಂಟೆ ಬೆವರು ಸುರಿಸಿದವರು ನೀವೇ ಆದರೂ ಮೀನು ನಿಮ್ಮ ಪಾಲಿಗೆ ಬರದೇ ಹೋಗಬಹುದು. ಆದ್ದರಿಂದ ಬುಕ್ ಮಾಡುವಾಗಲೇ ಕೇಳಿ: 'ಬ್ಲೂಫಿನ್ ಸಿಕ್ಕರೆ ಅದು ಯಾರದು? ದೊಡ್ಡದು ಸಿಕ್ಕರೆ ಏನು ಮಾಡುತ್ತೀರಿ?' ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಿಮ್ಮ ಪಾಲಿನ ಮೀನನ್ನು ನೀವು ಹೋಟೆಲಿಗೋ ಅಂಗಡಿಗೋ ಮಾರುವುದಂತೂ ಅಪರಾಧ.

ಈಗ ಅಳೆಯುವ ಕೆಲಸ. ಜಗಳ ಹುಟ್ಟುವುದು ಇಲ್ಲಿ. ಮೇಲೆ ಹೇಳಿದ ಇಂಚುಗಳೆಲ್ಲ ಮೀನಿನ ಮೈಯ ಉಬ್ಬಿನ ಮೇಲೆ ಟೇಪು ಎಳೆದು ಅಳೆದ ಉದ್ದ. ಮೀನನ್ನು ಪಕ್ಕಕ್ಕೆ ಮಲಗಿಸಿ. ಟೇಪಿನ ತುದಿಯನ್ನು ಮೇಲಿನ ದವಡೆಯ ಮೊನೆಗೆ ಇಡಿ. ಮೈಗೆ ಅಂಟಿದಂತೆಯೇ ಹಿಂದಕ್ಕೆ ಎಳೆಯಿರಿ: ಎದೆಯ ಈಜುರೆಕ್ಕೆ ಮೈಗೆ ಕೂಡುವ ಜಾಗದ ಮೇಲಂಚಿನಲ್ಲಿ ಹಾದು, ಬಾಲದ ಬುಡದಲ್ಲಿ ಗಟ್ಟಿಯಾಗಿ ಎದ್ದಿರುವ ಏಣಿನ ಮೇಲ್ಭಾಗದಲ್ಲಿ ಸಾಗಿ, ಬಾಲದ ಕವಲಿನ ನಡುವೆ ನಿಲ್ಲಿಸಿ. ಬಾಲದ ತುದಿಯವರೆಗೆ ಎಳೆದರೆ ತಪ್ಪು. ಬಡಗಿಯ ಸ್ಟೀಲ್ ಟೇಪನ್ನು ಗಾಳಿಯಲ್ಲಿ ನೆಟ್ಟಗೆ ಹಿಡಿದರೂ ತಪ್ಪು, ಏಕೆಂದರೆ ಉಬ್ಬಿನ ಅಳತೆ ನೇರ ಅಳತೆಗಿಂತ ಯಾವಾಗಲೂ ಹೆಚ್ಚು ಬರುತ್ತದೆ. ಬಾಗುವ ದರ್ಜಿ ಟೇಪು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು 60 ಇಂಚಿಗೆ ಮುಗಿಯುತ್ತದೆ, ಸ್ಮಾಲ್ ಮೀಡಿಯಂ ಶುರುವಾದ ಮರು ಇಂಚಿಗೇ. ನೂರು ಇಂಚು ದಾಟುವ ಬಟ್ಟೆ ಟೇಪು ಅಥವಾ ಫೈಬರ್ ಟೇಪು ಚೀಲದಲ್ಲಿರಲಿ. 27ಕ್ಕೆ ಅರ್ಧ ಇಂಚು ಕಡಿಮೆ ಬಂದರೆ 'ಸಾವಿರ ಮೈಲಿಯಿಂದ ಬಂದಿದ್ದೇವೆ' ಎಂದು ಎಳೆದಾಡಬೇಡಿ, ನೀರಿಗೆ ಬಿಡಿ. ಬ್ಲೂಫಿನ್ ಚಿಕ್ಕದು ಎಂಬ ಅನುಮಾನ ಬಂದರೆ ಬೋಟಿಗೆ ಎತ್ತಲೇಬೇಡಿ, ನೀರಿನಲ್ಲಿದ್ದಂತೆಯೇ ಗಾಳ ಬಿಡಿಸಬೇಕು ಎನ್ನುತ್ತದೆ ನಿಯಮ. ಬದುಕಿ ಹೋದ ಮರಿ ಮುಂದೆ ಮೊಟ್ಟೆಯಿಡುತ್ತದೆ. ಇಷ್ಟೆಲ್ಲ ಇಂಚಿನ ಲೆಕ್ಕ ಹುಟ್ಟಿದ್ದೇ ಅದಕ್ಕಾಗಿ.

ಜಾತಿ ಗುರುತಿಸದೆ ಅಳತೆ ತೆಗೆದುಕೊಂಡು ಪ್ರಯೋಜನವಿಲ್ಲ. ಕಾಟ್ಲಾ, ರೋಹುವನ್ನು ತಲೆ ನೋಡಿ ಹೇಳುವವರಿಗೂ ಟ್ಯೂನಾ ಮೊದಲ ಸಲ ತಬ್ಬಿಬ್ಬು ಮಾಡುತ್ತದೆ. ಎಲ್ಲವೂ ಬೆನ್ನು ಕಡುನೀಲಿ, ಹೊಟ್ಟೆ ಬೆಳ್ಳಿ. ಮೊದಲು ಎದೆರೆಕ್ಕೆಯನ್ನು ಮೈಗೆ ಒತ್ತಿ ನೋಡಿ. ಗಿಡ್ಡವಾಗಿದ್ದು, ಬೆನ್ನಿನ ಎರಡನೇ ರೆಕ್ಕೆಯ ಬುಡವನ್ನು ಮುಟ್ಟದೆ ಬಹಳ ಮುಂಚೆಯೇ ನಿಂತರೆ ಬ್ಲೂಫಿನ್. ಕತ್ತಿಯಂತೆ ಉದ್ದವಾಗಿ ಆ ರೆಕ್ಕೆಯನ್ನೂ ದಾಟಿ ಹಿಂದಕ್ಕೆ ಹೋದರೆ ಆಲ್ಬಕೋರ್. ಹೊಟ್ಟೆಯ ಮೇಲೆ ಉದ್ದಕ್ಕೆ ನಾಲ್ಕೈದು ಕಪ್ಪು ಪಟ್ಟೆ ಇದ್ದರೆ ಸ್ಕಿಪ್‌ಜ್ಯಾಕ್. ಬಲಿತ ಯೆಲ್ಲೋಫಿನ್‌ಗೆ ಬೆನ್ನಿನ ಎರಡನೇ ರೆಕ್ಕೆಯೂ ಅದರ ಕೆಳಗಿನ ರೆಕ್ಕೆಯೂ ಕುಡುಗೋಲಿನಂತೆ ನೀಳವಾಗಿ ಬಾಗಿರುತ್ತವೆ, ಸುಲಭವಾಗಿ ಗೊತ್ತಾಗುತ್ತದೆ. ಕಷ್ಟವಿರುವುದು ಮರಿ ಯೆಲ್ಲೋಫಿನ್, ಮರಿ ಬಿಗ್‌ಐ ನಡುವೆ. ಕಣ್ಣು ದೊಡ್ಡದು ಎಂಬ ಗುರುತನ್ನು ಪಕ್ಕದಲ್ಲಿ ಇನ್ನೊಂದು ಮೀನಿಲ್ಲದೆ ನಂಬಲಾಗದು. ಹೊಟ್ಟೆ ಸೀಳಿದಾಗ ಯಕೃತ್ತು ಖಚಿತವಾಗಿ ಹೇಳುತ್ತದೆ: ಮೇಲ್ಮೈ ನುಣುಪಾಗಿದ್ದರೆ ಯೆಲ್ಲೋಫಿನ್, ಅಂಚಿನಲ್ಲಿ ಎಳೆಎಳೆಯಾಗಿ ರಕ್ತನಾಳದ ಗೀರುಗಳಿದ್ದರೆ ಬಿಗ್‌ಐ. ಬ್ಲೂಫಿನ್ ಯಕೃತ್ತಿನಲ್ಲೂ ಗೀರು ಇರುತ್ತದೆ, ಆದ್ದರಿಂದ ಎದೆರೆಕ್ಕೆಯ ಪರೀಕ್ಷೆ ಮೊದಲು.

ಕರುಳು ತೆಗೆಯಬಹುದು, ಆದರೆ ತುಂಡು ಮಾಡುವುದು ದಡಕ್ಕೆ ಬಂದ ಮೇಲೆ. ಅಟ್ಲಾಂಟಿಕ್ ಕಡೆ ಟ್ಯೂನಾವನ್ನು ಇಡಿಯಾಗಿ ತರಬೇಕು. ತಲೆ ಕತ್ತರಿಸಿದರೂ ಒಂದು ಎದೆರೆಕ್ಕೆ ಮತ್ತು ಬಾಲ ಮೈಗೆ ಅಂಟಿಕೊಂಡೇ ಇರಬೇಕು. ತನಿಖೆಗೆ ಬಂದವರು ಜಾತಿಯನ್ನೂ ಉದ್ದವನ್ನೂ ತಿಳಿಯುವುದು ಅವುಗಳಿಂದಲೇ. ತಲೆ ಇಲ್ಲದ ಬ್ಲೂಫಿನ್‌ಗೆ ಎದೆರೆಕ್ಕೆಯ ಬುಡದಿಂದ ಬಾಲದ ಕವಲಿನವರೆಗೆ ಅಳೆದು 1.35ರಿಂದ ಗುಣಿಸುತ್ತಾರೆ. ಐಸ್‌ಬಾಕ್ಸಿನಲ್ಲಿ ಜಾಗ ಸಾಲದೆಂದು ಸಮುದ್ರದಲ್ಲೇ ಮುಳ್ಳು ಬಿಡಿಸಿ ಫಿಲೆ ಮಾಡಿಟ್ಟರೆ ಒಳ್ಳೆಯ ಮೀನೂ ಅಕ್ರಮ ಮೀನಾಗುತ್ತದೆ.

ಬ್ಲೂಫಿನ್ ದಡಕ್ಕೆ ತಂದರೆ, ಅಥವಾ ಬಿಡುವಾಗ ಸತ್ತುಹೋದರೆ, 24 ಗಂಟೆಯೊಳಗೆ ವರದಿ ಮಾಡಬೇಕು. ಜವಾಬ್ದಾರಿ ಬೋಟಿನವರದು. ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಇದಕ್ಕೆ ಹಿಡಿದ ಮೀನಿನ ವಿವರವನ್ನು ಕಾರ್ಡಿನಲ್ಲಿ ಬರೆದುಕೊಡುವ ಪದ್ಧತಿ ಇದೆ. ವರದಿ ಆಯಿತೇ ಎಂದು ನೀವೂ ಒಮ್ಮೆ ವಿಚಾರಿಸಿ. ವರದಿಯಾಗದ ಮೀನಿನಿಂದ ಕೋಟಾದ ಲೆಕ್ಕ ಕೆಡುತ್ತದೆ. ಇನ್ನು ಮಾಕೊ ಶಾರ್ಕ್ ಗಾಳಕ್ಕೆ ಬಿದ್ದರೆ ಫೋಟೋಗೂ ಮೇಲೆತ್ತಬೇಡಿ. 2022ರ ಜುಲೈನಿಂದ ಅಟ್ಲಾಂಟಿಕ್‌ನಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ.

ಸ್ಯಾನ್ ಡಿಯಾಗೋ ಕಡೆಗೆ ಹೋಗುವವರು ಮೇಲಿನ ಟ್ಯೂನಾ ಪರ್ಮಿಟ್, ಮಿತಿಗಳ ಲೆಕ್ಕವನ್ನೆಲ್ಲ ಪಕ್ಕಕ್ಕಿಡಬೇಕು. ಪೆಸಿಫಿಕ್‌ನಲ್ಲಿ ಲೆಕ್ಕವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬರೂ ತಮ್ಮದೇ ಮೀನುಗಾರಿಕೆ ಲೈಸೆನ್ಸ್ ಹೊಂದಿರಬೇಕು. ಒಂದು ದಿನ, ಎರಡು ದಿನದ ಲೈಸೆನ್ಸೂ ಸಿಗುತ್ತದೆ, ಪ್ರವಾಸಿಗರಿಗೆ ಅಷ್ಟು ಸಾಕು. ಬ್ಲೂಫಿನ್ ಅಲ್ಲಿ ತಲೆಗೆ ದಿನಕ್ಕೆ 2, ಯೆಲ್ಲೋಫಿನ್ 10. ಬಹುದಿನದ ಪ್ರವಾಸಕ್ಕೆ ಮೊದಲೇ ಘೋಷಣೆ ಸಲ್ಲಿಸಿದ ಬೋಟಿನಲ್ಲಿ ಗರಿಷ್ಠ ಮೂರು ದಿನದ ಪಾಲು ಇಟ್ಟುಕೊಳ್ಳಬಹುದು, ಅಂದರೆ ಬ್ಲೂಫಿನ್ 6. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೋಟಿನ ಮೇಲೆಯೇ ಟ್ಯೂನಾ ಕತ್ತರಿಸಲು ಅವಕಾಶ ಉಂಟು, ಆದರೆ ನಿಗದಿಯಾದ ಆರು ತುಂಡುಗಳಾಗಿ, ಚರ್ಮ ಬಿಡಿಸದೆ, ಒಂದೊಂದು ಮೀನಿಗೆ ಒಂದೊಂದು ಚೀಲ, ಚೀಲದ ಮೇಲೆ ಜಾತಿಯ ಹೆಸರು. ಅಲ್ಲಿನ ಬೋಟುಗಳು ಹಲವು ಸಲ ಮೆಕ್ಸಿಕೋದ ನೀರಿಗೆ ದಾಟುತ್ತವೆ. ಆಗ ಅವಧಿ ಮುಗಿಯದ ಪಾಸ್‌ಪೋರ್ಟ್ ಬೋಟಿನಲ್ಲಿ ನಿಮ್ಮ ಹತ್ತಿರವೇ ಇರಬೇಕು, ಜೊತೆಗೆ ಮೆಕ್ಸಿಕೋದ ಪರವಾನಗಿ ಬೇಕು. ಪಾಸ್‌ಪೋರ್ಟಿನ ಜೆರಾಕ್ಸ್ ನಡೆಯುವುದಿಲ್ಲ.

ಅಮೆರಿಕಕ್ಕೆ ಹೋಗದೆ, ಕೊಪ್ಪಳದಿಂದ ರೈಲು ಹಿಡಿದು ಗೋವಾಕ್ಕೋ, ಬಸ್ಸಿನಲ್ಲಿ ಕಾರವಾರ, ಮುರ್ಡೇಶ್ವರಕ್ಕೋ ಹೋಗುವವರಿಗೆ ಎರಡು ಮಾತು. ಕರಾವಳಿಯಲ್ಲಿ ಟ್ಯೂನಾಕ್ಕೆ ಕೇದರ ಎನ್ನುತ್ತಾರೆ, ಆ ಹೆಸರಿನಲ್ಲಿ ಕೇಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿಮಾಡುವ ಕಾಲ ಅದು, ಕಡಲೂ ಕೆರಳಿರುತ್ತದೆ. ಆ ದಿನಗಳಲ್ಲಿ 'ಹೇಗೋ ಕರೆದುಕೊಂಡು ಹೋಗುತ್ತೇವೆ' ಎನ್ನುವವರಿಗೆ ಮುಂಗಡ ಕೊಡಬೇಡಿ. ಕಡಲಾಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ದಾರಕ್ಕೆ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಿಡುವುದೊಂದೇ ದಾರಿ.

ಯಾವ ಕಡಲಾದರೂ ಐಸಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಟ್ಯೂನಾ ಬಿಸಿ ಮೈಯ ಮೀನು, ಗಾಳದಲ್ಲಿ ಹೆಚ್ಚು ಹೊತ್ತು ಸೆಣಸಿದಷ್ಟೂ ಮೈ ಕಾವೇರುತ್ತದೆ. ಎತ್ತಿದ ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಹರಿಯಬಿಟ್ಟು, ಐಸು ಮತ್ತು ಕಡಲ ನೀರು ಕಲಸಿದ ಗಂಜಿಯಂಥ ಮಿಶ್ರಣದಲ್ಲಿ ಮುಳುಗಿಸಬೇಕು. ಬರೀ ಐಸುಗಡ್ಡೆಯ ಮೇಲೆ ಮಲಗಿಸಿದರೆ ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ. ಕಾವು ಇಳಿಯದೆ ಉಳಿದರೆ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಿಷ ಸೇರುತ್ತದೆ. ಎಷ್ಟು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈಮೇಲೆ ದದ್ದು ಏಳುತ್ತದೆ. ಕಾರವಾರದಿಂದ ರಾಯಚೂರಿಗೆ ಮೀನು ತರುವವರು ಕಿಲೋ ಮೀನಿಗೆ ಕಿಲೋ ಐಸಿನ ಲೆಕ್ಕದಲ್ಲಿ ಥರ್ಮೋಕೋಲ್ ಪೆಟ್ಟಿಗೆ ತುಂಬಿ. ಕರಗಿದ ನೀರನ್ನು ಬಸಿಯುತ್ತಾ ಹುಬ್ಬಳ್ಳಿಯಲ್ಲೊಮ್ಮೆ, ಕೊಪ್ಪಳದಲ್ಲೊಮ್ಮೆ ಹೊಸ ಐಸು ಹಾಕಿಸಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಹೋಗಬಾರದು, ನಿಮ್ಮ ಕಾಲ ಹತ್ತಿರವೇ ಇರಲಿ. ಮೊದಲ ತುತ್ತಿಗೇ ಮೆಣಸು ಹಾಕದ ತುಂಡು ನಾಲಿಗೆಯನ್ನು ಮೆಣಸಿನಂತೆ ಚುರುಗುಟ್ಟಿಸಿದರೆ ತಟ್ಟೆ ಪಕ್ಕಕ್ಕಿಡಿ, ಮಕ್ಕಳಿಗೆ ಬಡಿಸಬೇಡಿ.